ರೇಸು ರದ್ದಾಯಿತು, ಒಂಟಿ ಸೈಕಲ್ಲಿಗೆ ಕಾವಲು ಯಾರು?

ಊಟಕ್ಕೆ ಕರೆದ ಮನೆಯವರೇ ಬಾಗಿಲು ಹಾಕಿಕೊಂಡರೆ ಹಸಿದವನು ಏನು ಮಾಡಬೇಕು? ವಾಪಸ್ ಬಂದು ತಾನೇ ಒಲೆ ಹಚ್ಚಬೇಕು. ಆದರೆ ಅಕ್ಕಿ ಎಲ್ಲಿದೆ, ಬೆಂಕಿಪೊಟ್ಟಣ ಎಲ್ಲಿದೆ ಅನ್ನೋದು ಗೊತ್ತಿರಬೇಕಲ್ಲ?

ದೂರದ ಸೈಕಲ್ ಸವಾರಿಯ ಹುಚ್ಚು ಹತ್ತಿಸಿಕೊಂಡವರ ಪಾಡು 2020ರಲ್ಲಿ ಹೀಗೇ ಆಯಿತು. ಕೋವಿಡ್ ಬಂತು, ರೇಸುಗಳು ನಿಂತವು. ವರ್ಷವಿಡೀ ಬೆವರು ಸುರಿಸಿ ತಯಾರಾದವರ ಕಾಲುಗಳು ಮಾತ್ರ ನಿಲ್ಲಲಿಲ್ಲ. "ನಾನೊಬ್ಬನೇ ಹೋಗ್ತೀನಿ" ಎಂದು ಹೊರಟವರು ಬಹಳ. ಹೊರಟ ಮೇಲೆ ಗೊತ್ತಾಯಿತು, ರೇಸು ನಡೆಸುವವರು ಬರೀ ಬಾವುಟ ಬೀಸುವವರಲ್ಲ ಎಂದು.

ಕೋವಿಡ್ ಹೋಯಿತು. ಆದರೆ ಮಳೆಗೆ, ಬಿಸಿಲಿಗೆ, ಪರವಾನಗಿ ಸಿಗದ್ದಕ್ಕೆ ಕೂಟಗಳು ರದ್ದಾಗುವುದು ಇವತ್ತಿಗೂ ಉಂಟು. ಆಗ ಮಣ್ಣುದಾರಿಯಲ್ಲಿ ಒಬ್ಬನೇ ನೂರು ಕಿಲೋಮೀಟರು ಹೊರಡುವವನು ಏನೇನು ಲೆಕ್ಕ ಹಾಕಿರಬೇಕು? ಯಾವ ಲೆಕ್ಕ ತಪ್ಪಿದರೆ ಜೀವಕ್ಕೇ ಸಂಚಕಾರ?

ಕಾನ್ಸಸ್ಸಿನ ಕಲ್ಲುದಾರಿ

ಮೊದಲು ಈ ಆಟ ಏನು ಎಂಬುದನ್ನು ತಿಳಿಯೋಣ. ಇದರ ಹೆಸರು ಗ್ರಾವೆಲ್ ಸವಾರಿ. ಗ್ರಾವೆಲ್ ಅಂದರೆ ಜಲ್ಲಿ. ಟಾರು ಕಾಣದ ಜಲ್ಲಿ ರಸ್ತೆ, ಹೊಲದ ಗಾಡಿದಾರಿ, ಕಾಲುವೆ ಏರಿ ಇವೇ ಇದರ ಮೈದಾನ. ಸೈಕಲ್ಲು ನೋಡಲು ರೇಸ್ ಸೈಕಲ್ಲಿನ ಹಾಗೇ, ಬಾಗಿದ ಹ್ಯಾಂಡಲ್ಲು. ಟೈರು ಮಾತ್ರ ದಪ್ಪ, 40 ಮಿಲಿಮೀಟರಿನ ಆಸುಪಾಸು. ಡಿಸ್ಕ್ ಬ್ರೇಕು, ಏರು ಹತ್ತಲು ಹಗುರ ಗೇರು.

ಈ ಹುಚ್ಚಿನ ತವರು ಅಮೆರಿಕದ ನಡುನಾಡು. ಕಾನ್ಸಸ್ ರಾಜ್ಯದಲ್ಲಿ ಎಂಪೋರಿಯಾ ಎಂಬ ಸಣ್ಣ ಪಟ್ಟಣ. ಅದರ ಸುತ್ತ ಫ್ಲಿಂಟ್ ಹಿಲ್ಸ್ ಎಂಬ ಹುಲ್ಲುಗಾವಲಿನ ದಿಬ್ಬಗಳು. ಅಲ್ಲಿ 2006ರಲ್ಲಿ 34 ಜನ ಸೇರಿ 200 ಮೈಲಿಯ ಓಟ ಹೊರಟರು. ಅಂದರೆ 322 ಕಿಲೋಮೀಟರು, ಒಂದೇ ದಮ್ಮಿನಲ್ಲಿ, ಎಲ್ಲಾ ಕಲ್ಲುದಾರಿಯಲ್ಲೇ! ಹೆಸರು ಡರ್ಟಿ ಕಾನ್ಜಾ. ಬರಬರುತ್ತಾ ಅದು ಸಾವಿರಾರು ಜನರ ಜಾತ್ರೆಯಾಯಿತು.

2020ರ ಓಟ ಮೇ 30ಕ್ಕೆ ಗೊತ್ತಾಗಿತ್ತು. ಕೋವಿಡ್ಡಿನಿಂದ ಸೆಪ್ಟೆಂಬರಿಗೆ ಮುಂದೆ ಹೋಯಿತು. ಕೊನೆಗೆ ಪೂರಾ ರದ್ದು. ಅದೇ ವರ್ಷ ಹೆಸರೂ ಬದಲಾಗಿ ಅನ್‌ಬೌಂಡ್ ಗ್ರಾವೆಲ್ ಎಂದಾಯಿತು. ಹೊಸ ಹೆಸರಿನಲ್ಲಿ ಓಟ ಮತ್ತೆ ನಡೆದದ್ದು 2021ರ ಜೂನ್ ತಿಂಗಳಲ್ಲಿ.

ಇನ್ನೂ ದೊಡ್ಡದು ಟೂರ್ ಡಿವೈಡ್. ಕೆನಡಾದ ಬ್ಯಾನ್ಫ್ ಪಟ್ಟಣದಿಂದ ಮೆಕ್ಸಿಕೋ ಗಡಿಯ ತನಕ 4,000 ಕಿಲೋಮೀಟರಿಗೂ ಮೀರಿದ ಬೆಟ್ಟದ ದಾರಿ. 2020ರ ಮಾರ್ಚಿಯಲ್ಲಿ ಅಮೆರಿಕ-ಕೆನಡಾ ಗಡಿಯೇ ಬಂದ್ ಆದ ಮೇಲೆ ಬ್ಯಾನ್ಫಿನಿಂದ ಹೊರಡುವ ಮಾತೆಲ್ಲಿ ಬಂತು?

ಭಾರತದಲ್ಲಿ 2020ರ ಮಾರ್ಚ್ 25ರಿಂದ ಲಾಕ್‌ಡೌನ್. ಇಲ್ಲಿ ದೂರ ಸವಾರಿಯವರಿಗೆ ಹಬ್ಬ ಅಂದರೆ ಬ್ರೆವೆ. 200, 300, 400, 600 ಕಿಲೋಮೀಟರಿನ ಓಟಗಳು. ಗಡುವು ಕ್ರಮವಾಗಿ ಹದಿಮೂರೂವರೆ, 20, 27 ಮತ್ತು 40 ಗಂಟೆ. ಗೆದ್ದವನು ಸೋತವನು ಎಂಬುದಿಲ್ಲ. ಗಡುವಿನೊಳಗೆ ಮುಟ್ಟಿದವನ ಹೆಸರು ಫ್ರಾನ್ಸಿನ ಕ್ಲಬ್ಬಿನ ದಾಖಲೆಗೆ ಹೋಗುತ್ತದೆ. ಬೆಂಗಳೂರು, ಮೈಸೂರಿನ ಕಡೆ ಇದಕ್ಕೆ ಬಿದ್ದವರು ಕಡಿಮೆಯಿಲ್ಲ. ಅವೂ ಆಗ ನಿಂತವು.

ಸಂಘಟಕ ಕೊಡುವುದು ನಾಲ್ಕೇ ನಾಲ್ಕು

ಫೀಸು ಕಟ್ಟಿಸಿಕೊಂಡು ಸಂಘಟಕ ಏನು ಕೊಡುತ್ತಾನೆ? ಟೀ ಶರ್ಟು, ಪದಕ ಇರಲಿ ಬಿಡಿ. ನಿಜಕ್ಕೂ ಕೊಡುವುದು ನಾಲ್ಕು. ಮೊದಲನೆಯದು, ಯಾರೋ ಮುಂಚೆಯೇ ಓಡಾಡಿ ನೋಡಿದ ದಾರಿ. ಎರಡನೆಯದು, ನೀರು ಅನ್ನ ಸಿಗುವ ಜಾಗ. ಮೂರನೆಯದು, ಗಡುವು. ಇಷ್ಟು ಹೊತ್ತಿಗೆ ಇಲ್ಲಿಗೆ ಬಾರದವನು ಸೈಕಲ್ಲಿನಿಂದ ಇಳಿಯಬೇಕು ಎಂಬ ಕಟ್ಟುನಿಟ್ಟು. ನಾಲ್ಕನೆಯದು, ಪಟ್ಟಿ ಹಿಡಿದು ಕೂತ ಒಬ್ಬ ಮನುಷ್ಯ. ಸಂಜೆ ಆ ಪಟ್ಟಿಯಲ್ಲಿ ಒಂದು ಹೆಸರಿಗೆ ಗುರುತು ಬೀಳದಿದ್ದರೆ ಅವನು ಎದ್ದು ಹುಡುಕುತ್ತಾನೆ.

ಒಬ್ಬನೇ ಹೊರಡುವವನು ಮೊದಲ ಮೂರನ್ನು ಹೇಗೋ ಹೊಂದಿಸಿಕೊಳ್ಳುತ್ತಾನೆ. ಮರೆಯುವುದು ನಾಲ್ಕನೆಯದನ್ನು. ಅಪಾಯ ಇರುವುದೂ ಅಲ್ಲೇ.

ಹಾಗಂತ ಒಂಟಿತನ ಈ ಆಟಕ್ಕೆ ಹೊಸದೇನಲ್ಲ. 2005ರಿಂದ 2018ರವರೆಗೆ ಅಯೋವಾ ರಾಜ್ಯದಲ್ಲಿ ನಡೆದ ಟ್ರಾನ್ಸ್ ಅಯೋವಾ ಓಟದಲ್ಲಿ ಸವಾರನ ಹಿಂದೆ ಸಹಾಯದ ಗಾಡಿ ಬರುವಂತಿರಲಿಲ್ಲ. ಕೈಯಲ್ಲಿ ತಿರುವುಗಳ ಚೀಟಿ. ಹಸಿವಾದರೆ ದಾರಿಬದಿಯ ಅಂಗಡಿಯೇ ಗತಿ. ಎಂಪೋರಿಯಾದಲ್ಲೂ ಸವಾರನ ಕಡೆಯವರು ಸಹಾಯಕ್ಕೆ ನಿಲ್ಲಬಹುದಾದದ್ದು ಗೊತ್ತುಮಾಡಿದ ಠಾಣೆಗಳಲ್ಲಿ ಮಾತ್ರ. ನಡುವೆ ಪಂಕ್ಚರ್ ಆದರೆ ತಾನೇ ಹಾಕಿಕೊಳ್ಳಬೇಕು. ಆದರೂ ಪಟ್ಟಿ ಹಿಡಿದವನೊಬ್ಬ ಇದ್ದೇ ಇದ್ದ.

ಚಳ್ಳಕೆರೆಗೂ ಎಂಪೋರಿಯಾಗೂ ಏನು ನಂಟು?

ಅಮೆರಿಕದ ಕಥೆ ಚಿತ್ರದುರ್ಗ ಜಿಲ್ಲೆಯವರಿಗೆ ಯಾಕೆ ಎಂದು ಕೇಳಬಹುದು. ನೆಲ ನೋಡಿ ಉತ್ತರ ಹೇಳಬೇಕು.

ಫ್ಲಿಂಟ್ ಹಿಲ್ಸಿನ ಮಣ್ಣು ತೆಳು. ಅಡಿಯಲ್ಲಿ ಚಕಮಕಿ ಕಲ್ಲು. ನೇಗಿಲು ಇಳಿಯಲಿಲ್ಲ, ಆದ್ದರಿಂದ ಹುಲ್ಲು ಉಳಿಯಿತು. ಉತ್ತರ ಅಮೆರಿಕದ ಎತ್ತರದ ಹುಲ್ಲುಗಾವಲೆಲ್ಲ ಉಳುಮೆಗೆ ಹೋಗಿ, ಉಳಿದಿರುವ ಅಲ್ಪಸ್ವಲ್ಪದಲ್ಲಿ ಹೆಚ್ಚಿನದು ಅಲ್ಲೇ ಇದೆ. ಅದು ದನ ಮೇಯುವ ನಾಡು.

ಚಳ್ಳಕೆರೆ, ನಾಯಕನಹಟ್ಟಿ ಕಡೆಯ ಕಾವಲುಗಳೂ ದನದ ನಾಡೇ. ಮೈಸೂರು ಅರಸರ ಬೆಣ್ಣೆ ಚಾವಡಿ, ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ಆ ದನಗಳಿಗೆ ಮೀಸಲಿಟ್ಟ ಮೇವಿನ ನೆಲವೇ ಅಮೃತ ಮಹಲ್ ಕಾವಲು. ಮಳೆ ಕಡಿಮೆ, ಮರ ಕಡಿಮೆ, ಆಕಾಶ ದೊಡ್ಡದು. ಕುರಿಮಂದೆ ಸವೆಸಿದ ದಾರಿ, ಹೊಲಕ್ಕೆ ಹೋಗುವ ಬಂಡಿಜಾಡು, ಕೆರೆ ಏರಿ ಇವೆಲ್ಲ ಜಾಲ ಹೆಣೆದಂತಿವೆ. ಲಾರಿ ಬಸ್ಸಿನ ಹಾವಳಿ ಇಲ್ಲ. ಹೊಗೆ ಕುಡಿಯುವುದು ಬೇಡ. ಇಂಥ ದಾರಿಗೆ ಹೊರಗಿನವರು ವಿಮಾನ ಹತ್ತಿ ಹೋಗುತ್ತಾರೆ, ಇಲ್ಲಿನವರಿಗೆ ಹಿತ್ತಲಲ್ಲೇ ಇದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಸುಳ್ಳಲ್ಲ!

ನಕ್ಷೆಯಲ್ಲಿ ದಾರಿ, ಎದುರಿಗೆ ಗೋಡೆ

ಈಗ ಮೊದಲ ಲೆಕ್ಕ, ದಾರಿ. ಮೊಬೈಲಿನ ನಕ್ಷೆಯಲ್ಲಿ ಗೆರೆ ಎಳೆಯುವುದು ಐದು ನಿಮಿಷದ ಕೆಲಸ. ಗೆರೆಯನ್ನು ನಂಬುವುದು ಐದು ಗಂಟೆಯ ಪಜೀತಿ.

ಚಳ್ಳಕೆರೆ ತಾಲೂಕಿನಲ್ಲೇ ಇದಕ್ಕೆ ದೊಡ್ಡ ಉದಾಹರಣೆ ಇದೆ. ಕುದಾಪುರದ ಸುತ್ತಮುತ್ತ ಸಾವಿರಾರು ಎಕರೆ ಕಾವಲನ್ನು ಸರ್ಕಾರ ರಕ್ಷಣಾ ಸಂಶೋಧನೆಯ ಡಿಆರ್‌ಡಿಒ, ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೊ, ಭಾಭಾ ಅಣು ಸಂಶೋಧನಾ ಕೇಂದ್ರಗಳಿಗೆ ಕೊಟ್ಟಿತು. ಉದ್ದಕ್ಕೂ ಗೋಡೆ ಎದ್ದಿತು. ಕುರಿ ದನ ಎಲ್ಲಿ ಮೇಯಬೇಕು ಎಂದು ಸುತ್ತಲ ಹಳ್ಳಿಯವರು ಎದ್ದರು, ಪ್ರಕರಣ ಹಸಿರು ನ್ಯಾಯಮಂಡಳಿಯ ತನಕ ಹೋಯಿತು. ಆ ಕಥೆ ಬೇರೆ. ಸೈಕಲ್ಲಿನವನಿಗೆ ಬೇಕಾದ ಪಾಠ ಇಷ್ಟೆ: ತಲೆಮಾರಿನಿಂದ ಓಡಾಡಿದ ದಾರಿ ಕೂಡ ಒಂದು ದಿನ ಗೋಡೆಗೆ ಹೋಗಿ ಮುಟ್ಟಬಹುದು. ಬೇಲಿ ಹಾರುವುದು, ಕಾವಲುಗಾರನ ಹತ್ತಿರ ವಾದ ಮಾಡುವುದು ಎರಡೂ ಬೇಡ. ಅದರಲ್ಲಿ ರಕ್ಷಣಾ ಇಲಾಖೆಯ ಜಾಗವೂ ಇದೆ. ಜೋಗಿಮಟ್ಟಿಯಂಥ ಕಾಡಿಗೂ ಅರಣ್ಯ ಇಲಾಖೆಯನ್ನು ಕೇಳಿಯೇ ಹೋಗಬೇಕು.

ಹಾಗಾದರೆ ದಾರಿ ಖಾತ್ರಿ ಮಾಡಿಕೊಳ್ಳುವುದು ಹೇಗೆ? ಉಪಗ್ರಹದ ಚಿತ್ರ ನೋಡಬೇಕು. ಹಳ್ಳ ದಾಟುವ ಕಡೆ ಸೇತುವೆ ಉಂಟೋ ಇಲ್ಲವೋ ಗುರುತು ಮಾಡಬೇಕು. ವಾಣಿ ವಿಲಾಸ ಸಾಗರ 1933ರ ನಂತರ ಕೋಡಿ ಬಿದ್ದದ್ದು 2022ರಲ್ಲಿ. ಎಂಬತ್ತೊಂಬತ್ತು ವರ್ಷ ಒಣಗಿದ್ದ ಕಡೆ ನೀರು ಬಂತು! ಬೇಸಿಗೆಯಲ್ಲಿ ನೋಡಿದ ಹಳ್ಳ ಕಾರ್ತಿಕದಲ್ಲಿ ಹಾಗೇ ಇರುತ್ತದೆ ಎಂದು ನಂಬುವ ಹಾಗಿಲ್ಲ. ಎಲ್ಲಕ್ಕಿಂತ ಒಳ್ಳೆಯದು, ಅನುಮಾನ ಬಂದ ತುಂಡನ್ನು ಹಿಂದಿನ ಭಾನುವಾರ ಮೋಟಾರ್ ಸೈಕಲ್ಲಿನಲ್ಲಿ ಹೋಗಿ ನೋಡಿ ಬರುವುದು.

ದಾರಿ ಹೆಣೆಯುವುದರಲ್ಲಿ ಇನ್ನೊಂದು ಗುಟ್ಟು. ಒಂದೇ ದೊಡ್ಡ ಸುತ್ತು ಬೇಡ. ಊರನ್ನು ನಡುವೆ ಇಟ್ಟುಕೊಂಡು ಎಂಟರ ಆಕಾರದಲ್ಲಿ ಎರಡು ಸುತ್ತು ಹಾಕಿದರೆ ಅರ್ಧ ದಾರಿಗೆ ಊರು ಮತ್ತೆ ಸಿಗುತ್ತದೆ. ನೀರು ತುಂಬಿಸಬಹುದು, ಟ್ಯೂಬು ಬದಲಿಸಬಹುದು, ಸಾಕಾದರೆ ಮನೆಗೇ ಹೋಗಬಹುದು. ಮತ್ತೆ, ಪ್ರತಿ 25-30 ಕಿಲೋಮೀಟರಿಗೆ ಒಂದು ಸಲವಾದರೂ ಬಸ್ಸು ಓಡುವ ಟಾರು ರಸ್ತೆಯನ್ನು ದಾರಿ ಮುಟ್ಟಬೇಕು. ಸೈಕಲ್ಲು ಮುರಿದರೆ ಅಲ್ಲಿ ಲಗೇಜ್ ಆಟೋ ಸಿಕ್ಕೀತು.

ನೀರು, ಗಾಳಿ, ಹೊತ್ತು

ಬಿಸಿಲಲ್ಲಿ ತುಳಿಯುವವನಿಗೆ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು ಬೇಕು. ಎರಡು ಊರಿನ ನಡುವೆ ಮೂರು ಗಂಟೆ ಅಂದರೆ ಎರಡು ಲೀಟರಿಗೂ ಮಿಕ್ಕಿ ಹೊರಬೇಕು. ಚಿತ್ರದುರ್ಗದ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡು ಎಂಬುದು ಹಳೆಯ ರೋಗ. ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿವೆ, ಆದರೆ ನಾಣ್ಯ ಹಾಕಿದರೆ ನೀರು ಬರುವಂಥವು. ಜೇಬಿನಲ್ಲಿ ಐನೂರರ ನೋಟು ಇಟ್ಟುಕೊಂಡು ಬಾಯಾರಿ ನಿಂತರೆ ಆ ಮೆಷಿನ್ನು ಕನಿಕರ ತೋರಿಸುವುದಿಲ್ಲ. ಚಿಲ್ಲರೆ ಬೇಕು. ಘಟಕ ಕೆಟ್ಟು ಕೂತಿದ್ದರೆ ಏನು ಮಾಡುವುದು ಎಂಬ ಎರಡನೇ ಲೆಕ್ಕವೂ ಬೇಕು.

ತಿನ್ನಲು ದೊಡ್ಡ ಕಂಪನಿಯ ಪೊಟ್ಟಣವೇ ಆಗಬೇಕಿಲ್ಲ. ಎಣ್ಣೆ ಗಿರಣಿಗಳ ಊರು ಚಳ್ಳಕೆರೆಯಲ್ಲಿ ಶೇಂಗಾಕ್ಕೆ ಬರವೇ? ಶೇಂಗಾ ಚಿಕ್ಕಿ, ಬಾಳೆಹಣ್ಣು, ಬೆಲ್ಲ, ಓಆರ್‌ಎಸ್ ಪೊಟ್ಟಣ ಸಾಕು. ಹಸಿವಾಗುವ ಮುಂಚೆ ತಿನ್ನಬೇಕು. ಹಸಿದ ಮೇಲೆ ತಿಂದರೆ ಕಾಲಿಗೆ ಬಲ ಬರುವ ಹೊತ್ತಿಗೆ ಒಂದು ಗಂಟೆ ಹೋಗಿರುತ್ತದೆ.

ಗಾಳಿಯನ್ನು ಮರೆತವನು ಕೆಟ್ಟ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ. ಆಷಾಢದಲ್ಲಿ ಗಾಳಿ ಪಡುವಣದಿಂದ ನೂಕುತ್ತದೆ. ಬೆಳಿಗ್ಗೆ ಮೈ ಹೊಸದಾಗಿರುವಾಗ ಗಾಳಿಗೆ ಎದುರು ಹೋಗಿ, ಮಧ್ಯಾಹ್ನ ಸೋತಾಗ ಗಾಳಿ ಬೆನ್ನಿಗೆ ಇಟ್ಟುಕೊಂಡು ಮನೆಗೆ ಬರಬೇಕು. ತಿರುವುಮುರುವಾಗಿ ಮಾಡಿದವನಿಗೆ ಕೊನೆಯ 30 ಕಿಲೋಮೀಟರು ಮುಗಿಯುವುದೇ ಇಲ್ಲ.

ಹೊತ್ತಿನ ಲೆಕ್ಕ ಇನ್ನೂ ಸುಲಭ. ಟಾರಿನಲ್ಲಿ ಗಂಟೆಗೆ 22 ಹೋಗುವವನು ಮಣ್ಣಿನಲ್ಲಿ 15 ಹೋದರೆ ದೊಡ್ಡದು. 120 ಕಿಲೋಮೀಟರಿಗೆ 8 ಗಂಟೆ. ಪಂಕ್ಚರು, ಚಹಾ, ದಾರಿ ತಪ್ಪುವುದು ಸೇರಿ 10 ಎನ್ನಿ. ಬೆಳಿಗ್ಗೆ 6ಕ್ಕೆ ಹೊರಟರೆ ಸಂಜೆ 4. ಡಿಸೆಂಬರಿನಲ್ಲಿ 6ಕ್ಕೆಲ್ಲ ಮಬ್ಬು. ಕೈಯಲ್ಲಿ ಉಳಿದದ್ದು ಎರಡೇ ಗಂಟೆ. ಅದಕ್ಕೇ ತನಗೆ ತಾನೇ ಗಡುವು ಹಾಕಿಕೊಳ್ಳಬೇಕು: ಮಧ್ಯಾಹ್ನ 12ಕ್ಕೆ ಅರ್ಧ ದಾಟದಿದ್ದರೆ ಮಣ್ಣುದಾರಿ ಬಿಟ್ಟು ಟಾರು ಹಿಡಿಯುವುದು. ಇದನ್ನು ಹಿಂದಿನ ರಾತ್ರಿಯೇ ಬರೆದಿಡಬೇಕು. ಯಾಕೆಂದರೆ 12 ಗಂಟೆಯ ಬಿಸಿಲಲ್ಲಿ ತಲೆ ಹೇಳುವುದು ಒಂದೇ ಮಾತು: "ಇನ್ ಸ್ವಲ್ಪ ದೂರ ಅಷ್ಟೇ, ನಡಿ."

ಎರೆ ಮಣ್ಣು, ನೆಗ್ಗಿಲು ಮುಳ್ಳು

ಕಾನ್ಸಸ್ಸಿನಲ್ಲಿ 2015ರಲ್ಲೂ 2023ರಲ್ಲೂ ಮಳೆ ಬಂದು ದಾರಿ ಅಂಟಾಯಿತು. ಸವಾರರು ಸೈಕಲ್ಲು ಹೆಗಲ ಮೇಲೆ ಹೊತ್ತು ನಡೆದರು. ಮಣ್ಣು ಚಕ್ರಕ್ಕೆ ಸುತ್ತಿಕೊಂಡು ಗೇರು ಬದಲಿಸುವ ಸಾಧನವೇ ಕಿತ್ತುಹೋದ ಸೈಕಲ್ಲುಗಳೂ ಇದ್ದವು. ಬಣ್ಣ ಕಲಕುವ ಚಪ್ಪಟೆ ಕಡ್ಡಿಯನ್ನು ಜೇಬಿನಲ್ಲಿಟ್ಟುಕೊಂಡು ಮಣ್ಣು ಕೆರೆಯುವುದು ಅಲ್ಲಿನ ಹಳಬರ ಉಪಾಯ.

ಹಿರಿಯೂರು, ಚಳ್ಳಕೆರೆಯ ಎರೆ ಹೊಲ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಹದ ಮಳೆ ಬಿದ್ದ ಎರೆಯಲ್ಲಿ ಚಪ್ಪಲಿಯೇ ಎರಡು ಸೇರು ತೂಗುತ್ತದೆ, ಇನ್ನು ಸೈಕಲ್ಲು ಎಲ್ಲಿ ಉರುಳೀತು! ಮಳೆಯ ಮಾರನೆ ದಿನ ಕೆಂಪು ಮಣ್ಣಿನ ಕಡೆ ಹೋಗಬೇಕು, ಎರೆ ಕಡೆ ಅಲ್ಲ. ಮಧ್ಯದಲ್ಲಿ ಮಳೆ ಹಿಡಿದರೆ ತುಳಿಯುವ ಹಟ ಬೇಡ. ಇಳಿದು ಕೆರೆದು ಹೊತ್ತು ನಡೆಯಬೇಕು.

ಇನ್ನೊಂದು ತಮಾಷೆ ನೋಡಿ. ಇಲ್ಲಿನ ನೆಗ್ಗಿಲು ಮುಳ್ಳು ಸಮುದ್ರ ದಾಟಿ ಅಮೆರಿಕಕ್ಕೂ ಹೋಗಿದೆ. ಅಲ್ಲಿನ ಸೈಕಲ್ಲಿನವರು ಅದಕ್ಕೆ ಮೇಕೆತಲೆ ಎಂದು ಅಡ್ಡಹೆಸರಿಟ್ಟು ಶಾಪ ಹಾಕುತ್ತಾರೆ. ಇಲ್ಲಿ ಅದರ ಜತೆಗೆ ಬಳ್ಳಾರಿ ಜಾಲಿಯೂ ಇದೆ. ಟ್ಯೂಬ್ ಇಲ್ಲದ ಟೈರಿಗೆ ಒಳಗೆ ಅಂಟು ದ್ರಾವಣ ಹಾಕಿದರೆ ಸಣ್ಣ ತೂತು ತಾನೇ ಮುಚ್ಚುತ್ತದೆ. ಅದಿಲ್ಲದವರು ಎರಡು ಟ್ಯೂಬು, ಪ್ಯಾಚು, ಸೊಲ್ಯೂಷನ್ನು, ಪಂಪು, ಚೈನಿನ ಒಂದು ಕೊಂಡಿ ಒಯ್ಯಬೇಕು. ಒಯ್ದರೆ ಸಾಲದು, ಮನೆಯಲ್ಲಿ ಒಮ್ಮೆಯಾದರೂ ಕೈಯಾರೆ ಹಾಕಿ ನೋಡಿರಬೇಕು.

ಕುರಿಮಂದೆ ಎದುರಾದರೆ ಇಳಿಯಬೇಕು. ಮಂದೆಯ ನಾಯಿಗೆ ಓಡುವ ಸೈಕಲ್ಲು ಕಳ್ಳನೇ. ಸೈಕಲ್ಲನ್ನು ಅಡ್ಡ ಹಿಡಿದು ನಿಧಾನ ನಡೆದು, "ಏನಣ್ಣ, ಈ ದಾರಿ ಎಲ್ಲಿಗೋಗ್ತದೆ?" ಎಂದು ಕುರಿಯವನನ್ನು ಮಾತಾಡಿಸಿದರೆ ನಾಯಿಯೂ ಸುಮ್ಮನಾಗುತ್ತದೆ, ದಾರಿಯೂ ತಿಳಿಯುತ್ತದೆ. ಬಂಡೆಗುಡ್ಡಗಳ ಬುಡದಲ್ಲಿ ನಸುಕಿಗೂ ಮುಸ್ಸಂಜೆಗೂ ಕರಡಿ ಓಡಾಡುವುದುಂಟು. ಆ ತುಂಡನ್ನು ಹಗಲು ಹೊತ್ತಿಗೆ ಬರುವಂತೆ ಇಟ್ಟುಕೊಳ್ಳುವುದು ಕ್ಷೇಮ.

ಮನೆಯಲ್ಲಿ ಬಿಟ್ಟು ಹೋಗುವ ಚೀಟಿ

ಈಗ ನಾಲ್ಕನೆಯ ಲೆಕ್ಕ. ಪಟ್ಟಿ ಹಿಡಿದು ಕೂರುವವರು ಯಾರು?

ಅಮೆರಿಕದಲ್ಲಿ ಒಂಟಿ ಸವಾರರು ಉಪಗ್ರಹಕ್ಕೆ ನೇರ ಸುದ್ದಿ ಕಳಿಸುವ ಸಣ್ಣ ಪೆಟ್ಟಿಗೆ ಕಟ್ಟಿಕೊಂಡು ಹೋಗುತ್ತಾರೆ. ಗುಂಡಿ ಒತ್ತಿದರೆ ಸಾಕು. ಭಾರತದಲ್ಲಿ ಅಂಥದ್ದನ್ನು ಸರ್ಕಾರದ ಪರವಾನಗಿ ಇಲ್ಲದೆ ಬಳಸುವಂತಿಲ್ಲ, ಬಳಸಿದರೆ ಕೇಸು. ಉಳಿದದ್ದು ಮೊಬೈಲು. ಕಾವಲಿನ ನಡುವೆ, ಗುಡ್ಡದ ಮರೆಯಲ್ಲಿ ಸಿಗ್ನಲ್ಲು ಕೈಕೊಡುತ್ತದೆ. ಇರುವ ಜಾಗವನ್ನು ಮೊಬೈಲಿನಲ್ಲಿ ಹಂಚಿಕೊಂಡರೂ ಸಿಗ್ನಲ್ಲು ಹೋದ ಜಾಗದಲ್ಲಿ ಚುಕ್ಕಿ ನಿಂತುಬಿಡುತ್ತದೆ. ಚುಕ್ಕಿ ನಿಂತಿತೋ, ಮನುಷ್ಯನೇ ಬಿದ್ದನೋ? ಮನೆಯವರಿಗೆ ಹೇಗೆ ಗೊತ್ತಾಗಬೇಕು?

ಆದ್ದರಿಂದ ಕಾಗದದ ಚೀಟಿಯೇ ದೊಡ್ಡ ಯಂತ್ರ. ಅದರಲ್ಲಿ ಇರಬೇಕಾದದ್ದು: ಯಾವ ಊರು, ಎಷ್ಟು ಗಂಟೆಗೆ. ಎಲ್ಲೆಲ್ಲಿಂದ ಫೋನು. ಸಿಗ್ನಲ್ಲು ಇಲ್ಲದ ತುಂಡು ಯಾವುದು, ಅಲ್ಲಿ ಎಷ್ಟು ಹೊತ್ತು ಹಿಡಿಯುತ್ತದೆ. ಅಂಗಿಯ ಬಣ್ಣ. ರಕ್ತದ ಗುಂಪು. ಎಲ್ಲಕ್ಕಿಂತ ಮುಖ್ಯ, "ಇಷ್ಟು ಗಂಟೆಯೊಳಗೆ ಫೋನು ಬಾರದಿದ್ದರೆ ಹುಡುಕಲು ಹೊರಡಿ" ಎಂಬ ಒಂದು ಸಾಲು. ಮೊದಲು ಯಾರಿಗೆ ಹೇಳಬೇಕು, ಯಾರ ಹತ್ತಿರ ಗಾಡಿ ಇದೆ, ಅದೂ ಅದರಲ್ಲೇ. ಪೊಲೀಸರಿಗೆ 112, ಆಂಬುಲೆನ್ಸಿಗೆ 108.

ಈ ಸಾಲು ಇಲ್ಲದಿದ್ದರೆ ಆಗುವುದೇ ಬೇರೆ. ಸಂಜೆ 6ಕ್ಕೆ ಬರಬೇಕಾದವನು 8 ಆದರೂ ಬರಲಿಲ್ಲ. "ಎಲ್ಲೋ ಟೀ ಕುಡೀತಾ ಕೂತಿರ್ತಾನೆ ಬಿಡಿ" ಎಂದು ಅಣ್ಣ. "ಸ್ನೇಹಿತರ ಮನೇಲಿ ಉಳ್ಕಂಡಿರ್ಬೋದು" ಎಂದು ಅಪ್ಪ. ಹತ್ತು ಗಂಟೆಯ ಹೊತ್ತಿಗೆ ಅಮ್ಮ ಅಳುತ್ತಾಳೆ. ಹನ್ನೊಂದಕ್ಕೆ ಹೊರಡುವ ಹೊತ್ತಿಗೆ ಯಾವ ದಿಕ್ಕಿಗೆ ಹೋಗಬೇಕು ಎಂಬುದೇ ಗೊತ್ತಿಲ್ಲ. ಹಾವು ಕಚ್ಚಿದವನಿಗೆ, ಕಾಲು ಮುರಿದು ಹಳ್ಳದಲ್ಲಿ ಬಿದ್ದವನಿಗೆ ಈ ಐದು ಗಂಟೆ ಅಂದರೆ ಏನು ಎಂದು ಬಿಡಿಸಿ ಹೇಳಬೇಕೆ?

ಚೀಟಿ ಬಿಟ್ಟವನಿಗೂ ಒಂದು ಕಟ್ಟು ಇದೆ. ಮನಸ್ಸು ಬದಲಾಗಿ ಬೇರೆ ದಾರಿ ಹಿಡಿಯುವ ಮುಂಚೆ ಫೋನು ಮಾಡಬೇಕು. ಸಿಗ್ನಲ್ಲು ಇಲ್ಲದಿದ್ದರೆ ಹೊಸ ದಾರಿಯೂ ಇಲ್ಲ. ಕೂಟದಲ್ಲಿ ದಾರಿ ಬದಲಿಸಿದರೆ ಹೆಸರು ಹೋಗುತ್ತದೆ ಅಷ್ಟೆ. ಇಲ್ಲಿ ಹುಡುಕುವವರು ಒಂದು ಕಡೆ, ಬಿದ್ದವನು ಇನ್ನೊಂದು ಕಡೆ ಆಗುತ್ತದೆ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಮನೆಯ ಮೊದಲ ಮಾತೇ "ಒಬ್ಳೇ ಯಾಕೆ ಹೋಗ್ತೀಯ?" ಕೂಟದ ಹೆಸರಿದ್ದಾಗ ಬಾಯಿ ಮುಚ್ಚಿದ್ದವರು ಕೂಟ ರದ್ದಾದ ಕೂಡಲೇ ಬಾಯಿ ತೆಗೆಯುತ್ತಾರೆ. ಅವರ ಭಯ ಪೂರಾ ಸುಳ್ಳಲ್ಲ. ಆದರೆ ಭಯಕ್ಕೆ ಉತ್ತರ ಬಾಗಿಲ ಚಿಲಕವಲ್ಲ. ಗಂಟೆ ಗಂಟೆಗೆ ಎಲ್ಲಿರುತ್ತಾಳೆ ಎಂದು ಬರೆದ ಚೀಟಿ, ಅರ್ಧ ದಾರಿಯ ಊರಿನಲ್ಲಿ ಒಬ್ಬ ಪರಿಚಯದ ಅಕ್ಕನ ಮನೆ, ಕತ್ತಲಿಗೆ ಮುಂಚೆ ಮುಗಿಯುವ ದೂರ ಇಷ್ಟಿದ್ದರೆ ಮನೆಯವರ ಮಾತಿಗೂ ಒಂದು ಜವಾಬು ಸಿಗುತ್ತದೆ.

ಪದಕ ಕೊಡುವವರು ಯಾರು?

ಮಣ್ಣು ಮೆತ್ತಿಕೊಂಡು ಹಳ್ಳಿಯ ಹೋಟೆಲಿಗೆ ಬಂದು ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ಹೇಳಿದ ಸವಾರನನ್ನು ಊರವರು ಕೇಳುವುದು ಎರಡೇ ಪ್ರಶ್ನೆ. "ಎಲ್ಲಿಂದ ಬಂದ್ರಿ?" ಆಮೇಲೆ, "ಇದಕ್ಕೆ ಎಷ್ಟು ದುಡ್ಡು ಕೊಡ್ತಾರೆ?" ಯಾರೂ ಕೊಡಲ್ಲ ಅಂದರೆ ನಂಬುವುದಿಲ್ಲ. ಯಾವುದೋ ಬೆಟ್ಟಿಂಗು ಇರಬೇಕು ಎಂದುಕೊಳ್ಳುತ್ತಾರೆ.

ಅವರ ಅನುಮಾನದಲ್ಲೂ ಹುರುಳಿದೆ. ಯಾರೂ ನೋಡದ, ಯಾರೂ ಬರೆದುಕೊಳ್ಳದ 120 ಕಿಲೋಮೀಟರು ಯಾಕೆ? ಬ್ರೆವೆಯ ನಿಯಮದಂತೆ ಅದು ಲೆಕ್ಕಕ್ಕಿಲ್ಲ. ಮಿತ್ರರ ಮುಂದೆ ಹೇಳಿದರೂ ಅರ್ಧ ಜನ ನಂಬುತ್ತಾರೆ. ಆದರೆ ದಾರಿ ತಾನೇ ಹುಡುಕಿ, ನೀರು ತಾನೇ ಅಳೆದು, ಗಡುವು ತಾನೇ ಹಾಕಿಕೊಂಡವನಿಗೆ ಒಂದು ಲಾಭವಿದೆ. ಮುಂದಿನ ಕೂಟ ನಡೆದರೂ ನಿಂತರೂ ಅವನು ಇನ್ನೊಬ್ಬರ ಬಾವುಟಕ್ಕೆ ಕಾಯಬೇಕಿಲ್ಲ. 12 ಗಂಟೆಗೆ ಅರ್ಧ ದಾಟದೆ ಟಾರು ಹಿಡಿದು ವಾಪಸ್ ಬಂದವನು ಸೋತವನಲ್ಲ, ಗಡುವು ಪಾಲಿಸಿದವನು. ಕಾವಲಿನ ದಾರಿ ಮುಂದಿನ ಭಾನುವಾರವೂ ಅಲ್ಲೇ ಇರುತ್ತದೆ, ಗೋಡೆ ಏಳದಿದ್ದರೆ!

ಹೊರಡುವ ಮುನ್ನ ಟೈರಿಗೆ ಗಾಳಿ ನೋಡಿದರೆ ಸಾಲದು. ಚೀಟಿ ಅಡುಗೆಮನೆಯ ಗೋಡೆಗೆ ಅಂಟಿದೆಯೇ ನೋಡಬೇಕು. ಅದನ್ನು ಮನೆಯವರು ಒಮ್ಮೆ ಗಟ್ಟಿಯಾಗಿ ಓದಿದ ಮೇಲೆಯೇ ಸೈಕಲ್ಲು ಹೊಸಿಲು ದಾಟಲಿ.